ಹುಯೇಫಾ ಟೈರಿನ ಬೆಲೆ ಹೇಳುತ್ತಾಳೆ

ಕೂತ್ಕೋ ದೊಸ್ಸು, ಆ ಹಳೇ ಟೈರಿನ ಗುಡ್ಡೆ ಮೇಲೆ.
ಸೊಂಟಕ್ಕೆ ಹಾಯಾಗಿರುತ್ತೆ. ಸತ್ತ ಮೇಲೆ
ಎಲ್ಲಾ ಕಂಪನಿಯೂ ಒಂದೇ.

ಎಂಟು ಸಾವಿರ ಫ್ರಾಂಕಿನದು ಸಾಕಾ ಅಂತ ಕೇಳಿದೆ.
ಇದನ್ನ ದಿನಕ್ಕೆ ಹತ್ತು ಜನ ಕೇಳ್ತಾರೆ,
ಹತ್ತೂ ಜನ ಜೇಬು ಮುಟ್ಟಿಕೊಂಡೇ ಕೇಳ್ತಾರೆ,
ಉತ್ತರ ಅಲ್ಲೇ ಇದೆ ಅನ್ನೋ ಹಾಗೆ.

ಮೊದಲು ನನ್ನ ಸುದ್ದಿ ಹೇಳಿಬಿಡ್ತೀನಿ:
ಅಗ್ಗದ ಟೈರೇ ನನ್ನ ಮನೆಯ ಮೆಕ್ಕೆಜೋಳದ ಗಂಜಿ.
ಅದು ಮೊಳೆಯನ್ನ ನೆಂಟನ ಹಾಗೆ ಒಳಗೆ ಕರೆಯುತ್ತೆ,
ನೆಂಟ ಬಂದಾಗಲೆಲ್ಲ ನನಗೆ ಮುನ್ನೂರು.
ಈಗ ನನ್ನ ಮಾತು ನಂಬೋದು ಬಿಡೋದು ನಿನಗೆ ಬಿಟ್ಟದ್ದು.

ಲೆಕ್ಕ ನಿನಗೂ ಗೊತ್ತು.
ಎಂಟರದ್ದು ಐದು ತಿಂಗಳು.
ಹದಿನೆಂಟರದ್ದು ಹದಿನಾಲ್ಕು, ಹುಷಾರಿದ್ದರೆ ಹದಿನೈದು.
ಕೂಡಿ ಕಳೆದರೆ ಅಗ್ಗದ್ದೇ ದುಬಾರಿ,
ಯಾವ ಮೇಷ್ಟರಾದರೂ ಹೇಳ್ತಾರೆ.
ಆದರೆ ಮೇಷ್ಟರ ಕರಿಹಲಗೆ ಮೇಲೆ
ಹದಿನೆಂಟು ಸಾವಿರ ಒಟ್ಟಿಗೇ ಇರುತ್ತೆ.
ನಿನ್ನ ಕೈಯಲ್ಲಿ ಒಂಬತ್ತು, ಅದರಲ್ಲೂ ಒಂದು
ನಾಳೆ ಬೆಳಗಿನ ಸೀಸೆ ಪೆಟ್ರೋಲಿಗೆ.

ಮತ್ತೆ, ಗಾಡಿ ನಿನ್ನದಲ್ಲ.
ಸಂಜೆ ಸಂಜೆ ಬಾಲೊಗುನ್‌ಗೆ ಎರಡೂವರೆ ಸಾವಿರ ಎಣಿಸಿ
ಮೇಲೆ ಅವನ ಗಾಡಿಗೆ ನನ್ನ ಅನ್ನದಿಂದ
ಚಪ್ಪಲಿ ಹೊಲಿಸಬೇಕಾ ಅಂತ ಯೋಚಿಸ್ತಿದ್ದೀಯ.
ತಪ್ಪಲ್ಲ.
ಆದರೆ ಬಿದ್ದರೆ, ಮೊಣಕಾಲು ಬಾಲೊಗುನ್‌ದಲ್ಲ.

ಹಿಡಿ ಇದನ್ನ. ಉಗುರು ಊರು.
ಗುರುತು ಮೂಡಿ ಮಾಯವಾಯಿತಾ? ಜೀವ ಇದೆ.
ಈಗ ಆ ದೊಡ್ಡ ಹೆಸರಿನದಕ್ಕೆ ಊರು.
ಕಲ್ಲು. ಹಡಗಲ್ಲಿ, ಗೋದಾಮಲ್ಲಿ,
ದಾಂತೊಕ್ಪಾ ಮಾರುಕಟ್ಟೆಯ ಬಿಸಿಲಲ್ಲಿ
ಆರು ವರ್ಷ ಕೂತು ಮುದಿಯಾಗಿದೆ.
ಪಕ್ಕೆಯಲ್ಲಿ ನಾಲ್ಕು ಅಂಕಿ ಇದೆ ನೋಡು,
ಹುಟ್ಟಿದ ವಾರ, ಹುಟ್ಟಿದ ವರ್ಷ.
ನಾವು ಮಕ್ಕಳಿಗೆ ವಾರದ ಹೆಸರಿಡ್ತೀವಲ್ಲ, ಹಾಗೇ.
ಬರೀ ಹೆಸರು ಮಾರೋರು
ಅದರ ಮೇಲೆ ಬೆಲೆಚೀಟಿ ಅಂಟಿಸ್ತಾರೆ.

ಮರಳ ಗಲ್ಲಿಯಲ್ಲಿ, ಹರ್ಮಟಾನ್ ಬೀಸೋ ತಿಂಗಳಲ್ಲಿ
ಯಾವ ಟೈರಾದರೂ ಟೈರೇ.
ಪರೀಕ್ಷೆ ಇರೋದು ಹಳೇ ಸೇತುವೆ ಮೇಲೆ,
ಮೊದಲ ಮಳೆಯ ಮೊದಲ ಕಾಲು ಗಂಟೆ,
ನಾಲ್ಕು ತಿಂಗಳಿಂದ ತೊಟ್ಟಿಕ್ಕಿದ ಎಣ್ಣೆ ಎದ್ದು ಕೂತು
ಡಾಂಬರು ಮೀನಿನ ಬೆನ್ನಾದಾಗ.
ಹಿಂದಿನ ಚಕ್ರ ಜಾರಿದರೆ ನೀನು ಬೈತೀಯ.
ಮುಂದಿನದು ಜಾರಿದರೆ
ಬೈಯೋಕೆ ಪುರುಸೊತ್ತಿರಲ್ಲ.

ಅದಕ್ಕೇ ಹಿಂದಕ್ಕೆ ಈ ಎಂಟರದ್ದು ಹಾಕ್ತೀನಿ.
ಮುಂದಿನದು ಇನ್ನೆರಡು ತಿಂಗಳು ಬರುತ್ತೆ.
ಅಷ್ಟರಲ್ಲಿ ದಿನಕ್ಕೆ ಮುನ್ನೂರು ನನ್ನ ಹತ್ತಿರ ಇಡು,
ಈ ಟೊಮ್ಯಾಟೊ ಡಬ್ಬಿಯಲ್ಲಿ, ನಿನ್ನ ಹೆಸರು ಬರೆದು.
ನಗಬೇಡ. ಆರು ಡಬ್ಬಿ ಇವೆ ಅಲ್ಲಿ.
ಕೊನೇದನ್ನ ಮುಟ್ಟಬೇಡ.
ಅದಕ್ಕೆ ಮೂರು ದಿನದ್ದು ಬಾಕಿ ಇತ್ತು.

ಅಲ್ಲಿವರೆಗೆ ಮಳೆ ಬಂದರೆ ನಿಧಾನ ಹೋಗು.
ನಿಧಾನವೂ ಒಂದು ಟೈರೇ.
ಪುಕ್ಕಟೆ ಅಂತಾರೆ. ಸುಳ್ಳು,
ಸಂಜೆಗೆ ಎರಡು ಬಾಡಿಗೆ ತಿನ್ನುತ್ತೆ.
ಜೆಮಿಜಾನ್ ಅಂತ ಹೆಸರಿಟ್ಟುಕೊಂಡು,
‘ನನ್ನ ಬೇಗ ಒಯ್ಯಿ’ ಅಂತ ಹೆಸರಿಟ್ಟುಕೊಂಡು
ನಿಧಾನ ಹೋಗೋನನ್ನ
ಯಾರು ತಾನೇ ಕೈ ಬೀಸಿ ಕರೀತಾರೆ, ಈ ಕೊಟೊನೂದಲ್ಲಿ?

ಸರಿ, ಏಳು. ಆ ಕಡೆ ಹಿಡಿ.
ಹಳದಿ ಅಂಗಿಗೆ ಮಸಿ ಹತ್ತುತ್ತೆ, ಬಿಚ್ಚಿ ಮೊಳೆಗೆ ಹಾಕು.
ಬಾಣದ ಗುರುತು ಉರುಳೋ ದಿಕ್ಕಿಗೇ ಇರಬೇಕು.
ಹೌದಪ್ಪ, ಅಗ್ಗದ್ದಕ್ಕೂ ಬಾಣ ಇರುತ್ತೆ,
ಮುಂದೆ ಯಾವ ಕಡೆ ಅಂತ
ಅದಕ್ಕೂ ಗೊತ್ತು.