ಬೆಳಗಿನ ಕಾಲು ಸುಳ್ಳು ಹೇಳುತ್ತೆ

ಸಂಜೆ ಬನ್ನಿ, ಅಂದರು ಮಾರ್ಕೆಟ್ ರಸ್ತೆಯ ಜಮೀಲ್ ಸಾಬರು,
ಬೆಳಗಿನ ಕಾಲು ಸುಳ್ಳು ಹೇಳುತ್ತೆ.
ದಿನವಿಡೀ ನಿಂತು ಊದಿಕೊಂಡ ಮೇಲೆ ಬನ್ನಿ,
ಆಗ ಸಿಗುತ್ತೆ ಅಳತೆ.

ಹೋದೆ. ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ
ಎಪ್ಪತ್ತೊಂದು ತೋಳುಗಳಿಂದ ರಕ್ತ ತೆಗೆದು,
ಎಪ್ಪತ್ತೊಂದು ಸಲ ‘ಮುಷ್ಟಿ ಬಿಗಿ ಮಾಡಿ’ ಎಂದು,
ಅದೇ ಬೆವರಿನ ಕಾಲುಚೀಲದಲ್ಲಿ.

ಹಾಳೆಯ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಸುತ್ತ ಗೀರಿದರು.
ಎಡಗಾಲು ಆರು. ಬಲಗಾಲು ಆರೂವರೆ.
ಮೂವತ್ತನಾಲ್ಕು ವರ್ಷ ಒಟ್ಟಿಗೇ ನಡೆದ ಇವು
ಸಮವಲ್ಲ ಎಂದು ಯಾರೂ ಹೇಳಿರಲಿಲ್ಲ.
ದೊಡ್ಡದಕ್ಕೆ ಕೊಳ್ಳಿ, ಚಿಕ್ಕದಕ್ಕೆ ಇನ್ನೊಂದು ಕಾಲುಚೀಲ, ಅಂದರು
ಸಂಸಾರದ ಗುಟ್ಟು ಹೇಳುವವರ ಹಾಗೆ.

ಬಣ್ಣ ನೋಡಬೇಡಿ, ಅಡಿ ತಿರುಗಿಸಿ.
ಹಲ್ಲು ಬಿಡಿಬಿಡಿಯಾಗಿರಬೇಕು, ಒತ್ತೊತ್ತಾಗಿದ್ದರೆ
ಗಿರಿಯ ಕೆಸರು ಒಳಗೆ ಕೂತು ಬಾಡಿಗೆ ಕೊಡದೆ ಉಳಿಯುತ್ತೆ.
ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ,
ಇಳಿಜಾರಿನಲ್ಲಿ ಉಗುರಿಗೆ ಅದೇ ಅಂಗಳ.
ಹೆಂಗಸರ ಅಳತೆಯಲ್ಲಿ ಸ್ಟಾಕ್ ಇಲ್ಲ. ಗಂಡಸರದ್ದು ಒಂದಿದೆ,
ಬೂದಿ ಬಣ್ಣ, ಯಾರೂ ಒಯ್ಯದೆ ಎರಡು ಮಳೆಗಾಲ ಕಂಡಿದ್ದು.
ಮೂರು ಸಾವಿರದ ಆರುನೂರು. ನೂರು ಬಿಟ್ಟರು.

ಲೇಸು ಕಟ್ಟಲು ಕಲಿಸಿದ್ದು ಅವರ ಮೊಮ್ಮಗಳು:
ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸುವುದು.
ಬಿಗಿದರೆ ಪಾದ ಜೋಮು, ಸಡಿಲ ಬಿಟ್ಟರೆ ಗುಳ್ಳೆ.
ಲೇಸು ಅಂದರೆ ಒಳಿತು ಅಂತಲೂ ಇದೆಯಲ್ಲ,
ಅದು ಎಲ್ಲೋ ಇವೆರಡರ ನಡುವೆ, ಒಂದು ಗಂಟು.

ಭಾನುವಾರ, ಐದೂವರೆ. ಕೈಮರ ದಾಟಿ
ಸರ್ಪದಾರಿಯ ಬುಡದಲ್ಲಿ ಕಲ್ಲು ಬೆವರುತ್ತಿತ್ತು.
ಮಂಜು ನನಗಿಂತ ಮೊದಲೇ ಹತ್ತಿ ಕೂತಿತ್ತು.
ವಾರವೆಲ್ಲ ರಕ್ತ ತೆಗೆಯುವವಳು ನಾನು,
ಭಾನುವಾರ ಇಂಬಳಗಳ ಪಾಳಿ.
ಸೂಜಿಯಿಲ್ಲ, ಹತ್ತಿಯಿಲ್ಲ, ಹೆಸರು ವಯಸ್ಸು ಕೇಳುವುದಿಲ್ಲ,
ನನಗಿಂತ ಕೈ ಹಗುರ.

ಮನೆಗೆ ಬಂದ ಮೇಲೆ
ಬಕೆಟ್ಟಿನಲ್ಲಿ ತಣ್ಣೀರು, ಹಳೇ ಹಲ್ಲುಜ್ಜುವ ಬ್ರಷ್ಷು.
ಒಳ ಅಟ್ಟೆ ತೆಗೆದು ಬೇರೆ, ಲೇಸು ಬಿಚ್ಚಿ ಬೇರೆ.
ಮೆಷಿನ್ನಿಗೆ ಹಾಕಬಾರದು, ಬಿಸಿಲಿಗೆ ಇಡಬಾರದು,
ಹಂಡೆ ಒಲೆಯ ಹತ್ತಿರವಂತೂ ಕೂಡದು. ಹಿಂದಿನ ಜೋಡು
ಅಲ್ಲೇ ಅಂಟು ಕರಗಿ ಬಾಯಿ ಬಿಟ್ಟು ಸತ್ತದ್ದು.
ಹೊಟ್ಟೆ ತುಂಬ ಪೇಪರು ತುರುಕಿ ಎರಡು ಗಂಟೆಗೊಮ್ಮೆ ಬದಲಿಸಬೇಕು:
ಬಲಗಾಲಿಗೆ ಅರೇಬಿಕಾ ಪಾರ್ಚ್‌ಮೆಂಟ್ ದರ,
ಎಡಗಾಲಿಗೆ ಶ್ರದ್ಧಾಂಜಲಿ.
ಯಾರದೋ ಮೀಸೆ ನಿಧಾನ ಒದ್ದೆಯಾಗುತ್ತ ಬಂತು.
ಕ್ಷಮಿಸಿ ಅಂದು, ಟೆಂಡರ್ ಪ್ರಕಟಣೆ ಹುಡುಕಿದೆ.

ಏಳು ತಿಂಗಳಿಗೆ ಹಿಮ್ಮಡಿಯ ಹೊಲಿಗೆ ಬಿಟ್ಟಿತು.
ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಆತು ಕೂರುವ ಗಂಗಮಾಳಮ್ಮ
ಹೊಲಿಗೆ ನೋಡಲೇ ಇಲ್ಲ. ಮಗುಚಿ ಹಾಕಿ
ಹೆಬ್ಬೆರಳಿನಲ್ಲಿ ಅಡಿ ಸವರಿದಳು. ಮುಂದಿನ ಹಲ್ಲು ಹೊಸದರಂತೆ;
ಹಿಂದಿನದು, ಅದರಲ್ಲೂ ಎಡಗಾಲಿನದು, ಪೂರಾ ನುಣುಪು.
‘ಹತ್ತೋವಾಗ ಚೆನ್ನಾಗೇ ಹತ್ತುತೀಯ ಕಣವ್ವ.
ಇಳಿಯೋವಾಗ ಯಾಕೆ ಹಿಂಗೆ ಹೆದರ್ತೀಯ?’

ಹೇಳಿರಲಿಲ್ಲ ಯಾರಿಗೂ. ಹೋದ ಆಗಸ್ಟಿನಲ್ಲಿ ಜಾರಿದ್ದು,
ಹುಲ್ಲಿನ ಬುಡ ಹಿಡಿದು ನೇತಾಡಿದ್ದು,
ಕೆಳಗೆಲ್ಲೋ ಮಂಜಿನೊಳಗೆ ಒಂದು ಜೀಪು
ಹಾರ್ನ್ ಹೊಡೆಯುತ್ತಲೇ ಇದ್ದದ್ದು.
ಮೊಣಕೈಯ ಗಾಯ ಬಚ್ಚಲಿನದೆಂದು ಮನೆಯಲ್ಲಿ ನಂಬಿಸಿದ್ದೆ.
ಎಷ್ಟು ಜನರ ರಕ್ತ ಓದಿದ್ದೇನೆ, ಸಕ್ಕರೆ, ಕಾಮಾಲೆ, ಬಸಿರು,
ಅವರವರು ಬಾಯಿ ಬಿಡುವ ಮೊದಲೇ.
ನನ್ನದು ರಬ್ಬರಿನಲ್ಲಿ ಬರೆದಿತ್ತು.

ಮೇಣದ ದಾರ ಎಳೆದು, ಹಲ್ಲಿನಲ್ಲಿ ಕಡಿದು,
‘ಮೂವತ್ತು ಕೊಡು. ಹೊಲಿಗೆದು ಮಾತ್ರ’ ಅಂದಳು,
ಇನ್ನೊಂದಕ್ಕೆ ದರ ಹೇಳಲಿಲ್ಲ.
ಬರಿಗಾಲಿನಲ್ಲಿ ಅವಳ ಗೋಣಿಚೀಲದ ಮೇಲೆ ನಿಂತೇ ಇದ್ದೆ.
ಗಂಟೆ ಆರೂ ಕಾಲು.
ಎರಡೂ ಪಾದ ಊದಿದ್ದವು.