ವಾಪಸು ಬಂದದ್ದು

ಬುಧವಾರ ರಾತ್ರಿ ಎಂಟಕ್ಕೆ ವ್ಯಾನು ನಿಲ್ಲುತ್ತದೆ
ಸಿತ್ರಾದ ಟೈರು ಗೋದಾಮಿನ ಹಿಂದೆ.
ಮೊದಲು ಲಾಂಡ್ರಿಯದಾಗಿತ್ತಂತೆ;
ಬಾಗಿಲು ಸರಿಸಿದರೆ ಈಗಲೂ ಗಂಜಿ ಹಾಕಿದ ತೋಬಿನ ವಾಸನೆ.

ಕಾಗದದಲ್ಲಿ ಇದು ಸಕ್ಕರೆ ಕಾಯಿಲೆಯ ಕಾರ್ಯಕ್ರಮ:
ಹೊಸ ಸಿರಿಂಜು ಕೊಡುವುದು, ಹಳೆಯದು ವಾಪಸು ಪಡೆಯುವುದು.
ಸಕ್ಕರೆಯವರೂ ಬರುತ್ತಾರೆ, ಸುಳ್ಳಲ್ಲ.
ಒಂದೇ ಸೂಜಿಯನ್ನು ತಿಂಗಳಿಡೀ ಚುಚ್ಚಿಕೊಂಡು
ಹೊಟ್ಟೆಯ ಮೇಲೆ ಅವರೆಕಾಳಿನಂಥ ಗಂಟು ಎದ್ದವರು,
ಒಂದು ಕೋಣೆಯ ಮೂವರು ಒಂದರಲ್ಲೇ ಸುಧಾರಿಸಿದವರು.
ಇನ್ನು ಕೆಲವರಿಗೆ
ನಲವತ್ತೈದು ಡಿಗ್ರಿಯಲ್ಲೂ ಉದ್ದ ತೋಳಿನ ಅಂಗಿ.

'ಕಾರಣ' ಎಂಬ ಕಾಲಮ್ಮನ್ನು ನಾನು ಖಾಲಿ ಬಿಡುತ್ತೇನೆ.
ಬಿಡಲು ಕಲಿಸಿದ್ದು ಸಿಸ್ಟರ್ ಐರಿನ್ ಕ್ರಾಸ್ತಾ, ಮೂಡುಬೆಳ್ಳೆಯವಳು:
"ಕೇಳಿದರೆ ಬರುವ ವಾರ ಬರುವುದಿಲ್ಲ ಮಾರಾಯ.
ಬಾರದವನ ಸೂಜಿ ಎಲ್ಲಿಗೆ ಹೋಗ್ತದೆ, ಹೇಳು?"

ನನ್ನ ಕೆಲಸ ಎಣಿಸುವುದು.
ಚಿಮಟ, ದಪ್ಪ ಕೈಗವಸು, ಹಳದಿ ಡಬ್ಬ.
ಕೋಟೇಶ್ವರದ ಅಕ್ಕಿ ಮಿಲ್ಲಿನಲ್ಲಿ ಸೇರು ಹಿಡಿದ ಅಪ್ಪ
ಮೊದಲ ಅಳತೆಗೆ ಒಂದು ಎಂದವನೇ ಅಲ್ಲ.
ಲಾಭ, ಎರಡು, ಮೂರು.
ಆ ಬಾಯಿಯೇ ನನಗೂ ಬಂದಿದೆ.
ಲಾಭ, ಎರಡು, ಮೂರು,
ನಾಲ್ಕನೆಯದರ ಮೊನೆ ಬಾಗಿದೆ.

ನೂರಾಹದಿನೇಳನೆಯ ಕಾರ್ಡು ತೊಫಜ್ಜಲ್‌ನದು.
ಹತ್ತು ಒಯ್ಯುತ್ತಾನೆ. ಅರುವತ್ತಮೂರು ತರುತ್ತಾನೆ,
ನಿಡೋ ಹಾಲಿನಪುಡಿಯ ಡಬ್ಬದಲ್ಲಿ
ಮುಚ್ಚಳಕ್ಕೆ ಪ್ಲಂಬರ್ ಟೇಪು ಸುತ್ತಿ.
ಇಳಿತದ ಹೊತ್ತಿಗೆ ಸೇತುವೆಯಡಿ ಕಸ ಗುಡಿಸುವ ಪಾಳಿ ಅವನದು.
"ಹುಡುಗರು ಏಡಿ ಹಿಡಿಯಲು ಬರಿಗಾಲಲ್ಲಿ ಇಳಿಯುತ್ತಾರೆ ಭಾಯ್"
ಎಂದಿದ್ದ ಒಮ್ಮೆ. ಮತ್ತೆ ಹೇಳಲಿಲ್ಲ.
ಕೆಲವಕ್ಕೆ ಉಪ್ಪು ಹಿಡಿದಿರುತ್ತದೆ, ಕೆಲವು ಇನ್ನೂ ಹೊಳೆಯುತ್ತವೆ.
ಅವನ ಹತ್ತು ಯಾವುವು, ಮರಳಿನವು ಯಾವುವು,
ನಾನು ಬೇರ್ಪಡಿಸಲಿಲ್ಲ.

ಮೌಲ್ಯಮಾಪನಕ್ಕೆ ಡಾಕ್ಟರ್ ಹೆಸ್ಸಾ ಬಂದದ್ದು ಡಿಸೆಂಬರಿನಲ್ಲಿ.
ಒಳ್ಳೆಯವರು. ನನ್ನ ಮುರುಕು ಕುರ್ಚಿಯಲ್ಲೇ ಕೂತು
ಎರಡು ಬುಧವಾರ ಪೂರ್ತಿ ನೋಡಿದರು,
ಕರಕ್ ಚಹಾ ತಾವೇ ತಂದುಕೊಟ್ಟರು.
ಮೂರನೆಯ ವಾರ ಪೆನ್ಸಿಲಿನ ತುದಿ ನೂರಾಹದಿನೇಳರ ಮೇಲೆ ನಿಂತಿತು:
"ಕೊಟ್ಟದ್ದಕ್ಕಿಂತ ಹೆಚ್ಚು ವಾಪಸು ಬರುವಂತಿಲ್ಲ, ಸದೀಕ್."
ಬಂದಿದೆಯಲ್ಲ, ಎಂದೆ.
"ಬಂದಿದೆ. ಶೇಕಡಾ ಆರುನೂರ ಮೂವತ್ತನ್ನು
ನಾನು ಯಾರ ಮುಂದೆ ಇಡಲಿ?"

ವರದಿ ಮೂವತ್ತೆಂಟು ಪುಟ.
ವಾಪಸಾತಿ: ನೂರಕ್ಕೆ ಎಂಬತ್ತೊಂದು.
ಲೆಕ್ಕದಿಂದ ಹೊರಗಿಟ್ಟ ಕಾರ್ಡು: ಒಂದು.
ಅಡಿಟಿಪ್ಪಣಿ: ಎಣಿಸುವಾತ 'ಒಂದು' ಎಂದದ್ದು ಕೇಳಿಬಂದಿಲ್ಲ;
ಡಬ್ಬಕ್ಕೊಂದರಂತೆ ಸೂಜಿ ತಪ್ಪಿರಬಹುದು; ಪರಿಶೀಲಿಸತಕ್ಕದ್ದು.
ಐರಿನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.
ನಾನೂ ನಕ್ಕೆ. ಅಪ್ಪನಿಗೆ ಫೋನು ಮಾಡಿ ಹೇಳಬೇಕೆಂದು
ಮೊಬೈಲು ಕೈಗೆತ್ತಿಕೊಂಡ ಮೇಲೆ ನೆನಪಾಯಿತು,
ಅವನು ಹೋಗಿ ಎಂಟು ವರ್ಷ.

ಆ ಎಂಬತ್ತೊಂದರಿಂದಲೇ ಇನ್ನೊಂದು ವರ್ಷದ ಹಣ ಬಂತು.
ಅದನ್ನೂ ಹೇಳಬೇಕು.

ಫೆಬ್ರವರಿಯ ಎರಡು ಬುಧವಾರ ತೊಫಜ್ಜಲ್ ಕಾಣಲಿಲ್ಲ.
ವೀಸಾ ಎಂದರು, ಆಸ್ಪತ್ರೆ ಎಂದರು,
ಖಲ್ಲಿವಲ್ಲಿ ಎಂದರು.
ಮೂರನೆಯದಕ್ಕೆ ಅವನ ಕೋಣೆಯ ಹುಡುಗ, ಮೀಸೆ ಚಿಗುರುತ್ತಿದ್ದವನು,
ನಿಡೋ ಡಬ್ಬ ತಂದಿಟ್ಟ. ಟೇಪಿನ ಸುತ್ತು ಬೇರೆ, ಸಡಿಲ.
ಸಿರಿಂಜು ಬೇಡವೆಂದ.
ಕೈಗವಸು ಒಂದು ಜೊತೆ ಸಿಕ್ಕೀತೇ ಎಂದು ಕೇಳಿದ,
ನಾಳೆ ಇಳಿತ ಬೆಳಗಿನ ನಾಲ್ಕೂವರೆಗೆ.

ಕೈಗವಸಿಗೆ ಕಾಲಮ್ಮಿಲ್ಲ.
ಐರಿನ್ ಅವನ ಅಂಗೈಗೆ ತನ್ನ ಅಂಗೈ ಇಟ್ಟು ಅಳತೆ ನೋಡಿ
ಡ್ರಾಯರಿನಿಂದ ದಪ್ಪನೆಯದು ತೆಗೆದಳು.
ರಿಫೈನರಿಯ ಬೆಂಕಿ ಗಾಳಿಗೆ ಮಗ್ಗುಲು ಬದಲಿಸಿತು.
ನಾನು ಟೇಪು ಬಿಚ್ಚಿದೆ,
ಹೊಸ ಕಾರ್ಡಿನ ಮೇಲೆ ಹಳೆಯ ನಂಬರನ್ನೇ ಬರೆದೆ,
ಈ ಸಲ ಕೇಳಿಸಬೇಕಾದವರಿಗೆ ಕೇಳಿಸಲಿ ಎಂದು
ಗಟ್ಟಿಯಾಗಿ ಶುರುಮಾಡಿದೆ:

ಲಾಭ,
ಎರಡು