ಹೌಸಾಬಾಯಿಯ ಮೂಗು

ಜ್ವರ ಇಳಿಯುವಾಗ ಮೂಗಿನ ಬುದ್ಧಿಯನ್ನೂ ಜೊತೆಗೆ ಒಯ್ದಿತು.
ಅಂದಿನಿಂದ ನಮ್ಮತ್ತೆ ಹೌಸಾಬಾಯಿಗೆ
ಒಗ್ಗರಣೆಯೂ ಒಂದೇ, ಸಗಣಿಯೂ ಒಂದೇ.

ಹೋಳಿ ಕಳೆದು ಎಂಟು ದಿನ. ಘೋಡ್ ನದಿಯ ದಂಡೆಗೆ
ಹೊಂಗೆಯ ನೆರಳಲ್ಲಿ ಅರಣ ಹಾಕಿದ್ದೇವೆ:
ಮೊಣಕಾಲುದ್ದ ತಗ್ಗು, ತಳಕ್ಕೆ ಬೇವಿನ ಸೊಪ್ಪು,
ಅದರ ಮೇಲೆ ಬಟಾಟೆ, ಆಕೆಯೇ ಕೈಯಾರೆ ಆರಿಸಿದ್ದು—
ಗುದ್ದಲಿ ತಾಗಿದ್ದು ಬೇರೆ, ಬಿಸಿಲು ಕಂಡು ಹಸಿರಾದದ್ದು ಬೇರೆ—
ಮೇಲೆ ಮೊಣಕೈ ಮುಳುಗುವಷ್ಟು ಗೋದಿಯ ಹುಲ್ಲು.
ಸಂಜೆ ಸುತ್ತಲೂ ನೀರು ಚಿಮುಕಿಸಬೇಕು,
ಒಳಗೆ ಹನಿಯೂ ಬೀಳಬಾರದು.

"ಮಂಚರದಲ್ಲಿ ಕೋಲ್ಡ್ ಸ್ಟೋರೇಜ್ ಇದೆಯಲ್ಲ" ಅಂತಾನೆ ಮೈದುನ.
"ಅಲ್ಲಿಟ್ಟದ್ದು ಸಿಹಿಯಾಗತ್ತೆ, ಕರಿದರೆ ಕಪ್ಪು"
ಅಂತಾಳೆ ಆಕೆ, ಎಲೆಯಡಿಕೆಯನ್ನು
ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ.

ನಾನು ಇಂಡಿ ಕಡೆಯವಳು. ನಮ್ಮಲ್ಲಿ ಜೋಳಕ್ಕೆ ಹಗೇವು.
ಬಾಯಿ ತೆರೆದರೆ ಮೊದಲು ಕಂದೀಲು ಇಳಿಬಿಡುತ್ತಿದ್ದ ಅಪ್ಪ;
ದೀಪ ಆರಿದರೆ ಮನುಷ್ಯ ಇಳಿಯುವಂತಿಲ್ಲ.
ಇಲ್ಲಿ ದೀಪದ ಕೆಲಸ ಮೂಗಿನದು.
ನಲವತ್ತು ವರ್ಷ ಅದು ಆಕೆಯ ಮೂಗು.

ಮೊನ್ನೆ ನನ್ನನ್ನು ಕರೆದಳು. ಹುಲ್ಲು ಸರಿಸಿ
ರಾಶಿಯೊಳಗೆ ತೋಳು ತೂರಿಸಿದಳು,
ಮಲಗಿದ ಮಗುವಿನ ಹಣೆ ಮುಟ್ಟಿದ ಹಾಗೆ.
"ಇಲ್ಲಿ ಬಿಸಿ ಇದೆ. ಬಗ್ಗು. ಏನು ವಾಸನೆ, ಹೇಳು."

ಬಗ್ಗಿದೆ. ಮಣ್ಣು, ಬೇವು, ಇಲಿಯ ಹಿಕ್ಕೆ; ಅದರ ಹಿಂದೆ,
ಬಾಗಿಲ ಮರೆಯಲ್ಲಿ ನಿಂತವರ ಹಾಗೆ, ಇನ್ನೊಂದು.
ಹನ್ನೊಂದು ವರ್ಷದ ನನ್ನ ಮರಾಠಿ
ತಡಕಾಡಿ ಬರಿಗೈಯಲ್ಲಿ ಮರಳಿತು.
"ಮುಗ್ಗಲು" ಎಂದುಬಿಟ್ಟೆ.
"ಕಾಯ್?"
"ಮುಗ್ಗಲು."

ಆಕೆ ನನ್ನ ಸುಕ್ಕಿದ ಮೂಗನ್ನೇ ನೋಡಿದಳು.
ಮೂರು ಗೇಣು ಆಚೆ ಕೈಹಾಕಿ ಒಂದನ್ನು ತೆಗೆದಳು—
ಸಿಪ್ಪೆ ಗಟ್ಟಿ, ಒಳಗೆ ಗಂಜಿ.
ಅದರ ನೆರೆಹೊರೆಯವು ಏಳು.

ಏಳನ್ನೂ ತೊಳೆದು, ಕೆಟ್ಟಷ್ಟು ಕೊಯ್ದು ಬಿಸಾಕಿ
ರಾತ್ರಿ ಒಲೆಯ ಕೆಂಡದಲ್ಲಿ ಸುಟ್ಟೆವು. ಉಪ್ಪು, ಮೆಣಸಿನಕಾಯಿ ಠೇಚಾ.
ಬೆರಳು ಊದಿಕೊಳ್ಳುತ್ತ ಕೇಳಿದಳು:
"ಸುಟ್ಟ ಸಿಪ್ಪೆಯ ಘಮ ಬರ್ತಿದೆಯಾ?"
"ಬರ್ತಿದೆ."
"ಎಷ್ಟು?"
ಅದನ್ನು ಅಳೆಯುವ ಸೇರು ಎಲ್ಲಿದೆ?
"ತಾಟಿನ ತುಂಬ" ಎಂದೆ. ಇನ್ನೊಂದು ತಿಂದಳು.

ನಿನ್ನೆ ಬೇಲಿಯಾಚೆಯಿಂದ ಥೋರಾತರ ಸೊಸೆ ಕೂಗಿದಳು:
"ವಹಿನೀ, ಬೇಗ ಬನ್ನಿ, ನಮ್ಮ ಅರಣದಲ್ಲೂ ಮುಗ್ಲೂ!"
ನಾನು ಸೆರಗು ಸಿಕ್ಕಿಸುವಷ್ಟರಲ್ಲಿ
ಅತ್ತೆ ಬೇಲಿಯ ಹತ್ತಿರ ಹೋಗಿ ನಿಂತು
"ಮುಗ್ಲೂ ಅಲ್ಲವೇ ಹುಡುಗಿ,
ಮುಗ್ಗಲು" ಎಂದು ತಿದ್ದುತ್ತಿದ್ದಳು.